ಕೈಗವಸು

(ಡಂಡೀ, ೧೮೮೯)

ಅಕ್ಕ ಬೆಥಿಯಾ ನೂಲಿನ ಮನೆ ಬಿಟ್ಟು
ಮಗ್ಗದ ಮನೆಗೆ ಹೋದದ್ದು ಒಂದು ಸೋಮವಾರ.
ನಡುವೆ ಇರುವುದು ಒಂದು ಅಂಗಳ, ಒಂದು ನೀರಿನ ತೊಟ್ಟಿ,
ವಾರಕ್ಕೆ ಮೂರು ಶಿಲ್ಲಿಂಗು.

ಶನಿವಾರ ಟೋಪಿ ತಂದಳು, ಕಂತಿನ ಮೇಲೆ.
ನೇರಳೆ ರಿಬ್ಬನ್ನು, ಮೇಣದ ಚೆರಿ ನಾಲ್ಕು,
ಒಂದಕ್ಕೆ ಆಗಲೇ ಬಿರುಕು.
ಜೊತೆಗೆ ಬೂದು ಬಣ್ಣದ ಕೈಗವಸು,
ಮಣಿಕಟ್ಟಿನಲ್ಲಿ ಎರಡೆರಡು ಗುಂಡಿ.

ನಾವು ನೂಲುವವರು ಶಾಲು ಹೊದೆಯುತ್ತೇವೆ.
ತಲೆಯ ಮೇಲಿಂದೆಳೆದು ಗದ್ದದ ಕೆಳಗೆ ಹಿಡಿದರೆ
ಅದೇ ಛತ್ರಿ, ಅದೇ ಚೀಲ, ಅದೇ ಕೂಸಿನ ತೊಟ್ಟಿಲು.
ನೆಯ್ಯುವವರು ಟೋಪಿ ಇಟ್ಟು
ಬೀದಿಯ ಆಚೆ ಬದಿಗೆ ನಡೆಯುತ್ತಾರೆ.
ಯಾರೂ ಬರೆದಿಟ್ಟ ಕಾನೂನಲ್ಲ ಇದು.
ಬರೆದದ್ದಾಗಿದ್ದರೆ ಹರಿದುಹಾಕಬಹುದಿತ್ತು.

ಅಮ್ಮ ಅಂದಳು: ಹೊಟ್ಟೆಗೆ ಹಿಟ್ಟಿಲ್ಲ,
ತಲೆಯ ಮೇಲೆ ಹಣ್ಣಿನ ತೋಟ!
ಅಪ್ಪ ಏನೂ ಅನ್ನಲಿಲ್ಲ. ಹದಿನೆಂಟು ತುಂಬಿದ ಗಂಡಾಳು
ಈ ಊರ ಗಿರಣಿಗೆ ದುಬಾರಿ.
ಕೆಟಲು ಒಲೆಗಿಟ್ಟು
ಕುದಿಯುವುದನ್ನೇ ನೋಡುತ್ತ ಕೂತ.

ಗಿರಣಿಯೊಳಗೆ ಮಾತು ಕೇಳಿಸುವುದಿಲ್ಲ.
ಹತ್ತನೇ ವಯಸ್ಸಿಗೇ ಬೆರಳಲ್ಲಿ ಮಾತಾಡಲು ಕಲಿತೆ,
ಕಲಿಸಿದವಳು ಅವಳೇ.
ಹೆಬ್ಬೆರಳು ಗಂಟಲಿಗೆ: ಮೇಸ್ತ್ರಿ ಬಂದ.
ಎರಡು ಬೆರಳು ಅಂಗೈಗೆ: ಗಂಟೆ ಎಷ್ಟು?
ಕಿವಿ ಹಿಡಿದರೆ: ಈಗ ಹೇಳಿದ್ದು ಸುಳ್ಳು.
ಸೆಣಬಿನ ಧೂಳಿನಲ್ಲಿ, ತಿಮಿಂಗಿಲದ ಎಣ್ಣೆಯ ನಾತದಲ್ಲಿ,
ಬರಿಗಾಲಲ್ಲಿ ನಿಂತು
ದಿನವಿಡೀ ಹರಟುತ್ತಿದ್ದೆವು.
ಅಷ್ಟು ಮಾತು ಮನೆಯಲ್ಲಿ ಎಂದೂ ಆಡಿಲ್ಲ.

ಈಗ ಆ ಬೆರಳುಗಳಿಗೆ ಅಂಗಿ.

ಬುಧವಾರ ಎದುರಾದಳು, ಮೀನಿನಂಗಡಿಯ ಮುಂದೆ,
ಇನ್ನಿಬ್ಬರು ಟೋಪಿಯವರ ಜೊತೆ.
ನನ್ನ ಕೂದಲಲ್ಲಿ ನಾರು, ಪಾದವೆಲ್ಲ ಕಪ್ಪು.
ಅವಳು ಗಾಜಿನಾಚೆಯ ಹ್ಯಾಡಕ್ ಮೀನನ್ನು
ಬಹಳ ಹೊತ್ತು ನೋಡಿದಳು.
ಮೀನು ಮಾತ್ರ ನನ್ನನ್ನು ನೋಡಿತು.

ಕೋಪ ಬಂತೇ? ಬಂತು.
ಆದರೆ ಆ ರಾತ್ರಿ, ಪಕ್ಕದಲ್ಲಿ ಅವಳ ಉಸಿರು ನಿಧಾನವಾದ ಮೇಲೆ,
ಎದ್ದು ಟೋಪಿ ಇಟ್ಟುಕೊಂಡೆ.
ಕನ್ನಡಿ ಅಡವಿನಂಗಡಿಯಲ್ಲಿದೆ;
ಅಪ್ಪ ಉಜ್ಜಿ ಉಜ್ಜಿ ಹೊಳಪಿಸಿದ ಕೆಟಲಿನ ಹೊಟ್ಟೆಯಲ್ಲಿ ಇಣುಕಿದೆ.
ಮುಖ ತಟ್ಟೆಯಗಲ, ಚೆರಿ ಕುಂಬಳದಷ್ಟು.
ಒಳಗಿಂದ ಯಾರೋ ಗುಮಾಸ್ತನ ಹೆಂಡತಿ ನನ್ನನ್ನು ನೋಡಿದಳು,
ಗುರುತು ಹಿಡಿಯಲಿಲ್ಲ.
ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಭಾನುವಾರ ಚರ್ಚಿನಲ್ಲಿ ಅವಳು ನಾಲ್ಕು ಸಾಲು ಮುಂದೆ.
ಪ್ರಾರ್ಥನೆಯ ನಡುವೆ ಅಮ್ಮನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ.
ಸುತ್ತ ತಲೆಗಳು ತಿರುಗಿದವು. ಟೋಪಿ ತಿರುಗಲಿಲ್ಲ.
ಆದರೆ ಒಂದು ಕೈ ಬೆಂಚಿನ ಒರಗಿನ ಹಿಂದೆ ಬಂದು,
ಬೂದು ಬೆರಳು, ದಪ್ಪ ನಾಲಿಗೆಯವರ ಹಾಗೆ
ತೊದಲುತ್ತ ಕೇಳಿತು:
ರಕ್ತ ಇದೆಯೇ?

ನಾನು ಕೈಯೆತ್ತಿ ಇಲ್ಲ ಅಂದೆ.
ಆಮೇಲೆ ಕಿವಿ ಹಿಡಿದೆ.
ಬೆನ್ನಿಗೆ ಕಣ್ಣಿಲ್ಲವಲ್ಲ.
ಆಮೆನ್ ಆದ ಮೇಲೂ
ಆ ಕೈ ಅಲ್ಲೇ ಕಾಯುತ್ತಿತ್ತು.