ಇದೆ, ಇಲ್ಲ

ಒಂಬತ್ತೂಕಾಲಿಗೆ ನಾವು ಐವರೂ ನಿಲ್ಲುತ್ತೇವೆ.
ಕೂತರೆ ಮಾತು ಬೇರು ಬಿಡುತ್ತದೆಂದು
ಕುರ್ಚಿಗಳನ್ನೆಲ್ಲ ಗೋಡೆಗೆ ಮುಖ ಮಾಡಿಸಿದವಳು ಹೆಲ್ಯು.
ಕೆಳಗೆ ಟಿಕೆಟಿನ ಕಿಟಕಿ, ಅದರಾಚೆ ಹಡಗುಕಟ್ಟೆ,
ಅದರಾಚೆ ಫೆಬ್ರವರಿಯ ಬಾಲ್ಟಿಕ್.
ನೀರಾಗಿಯೇ ಇರಲೋ ಹೆಪ್ಪುಗಟ್ಟಲೋ
ಅದಿನ್ನೂ ತೀರ್ಮಾನಿಸಿಲ್ಲ.

ನಿನ್ನೆ ಏನು, ಇವತ್ತು ಏನು, ಕಾಲಿಗೆ ತೊಡರಿದ್ದೇನು?
ಮೂರೇ ಪ್ರಶ್ನೆ.
ತೈವೊ ಮೂರನೆಯದನ್ನು ನುಂಗಿ
"ಏನಿಲ್ಲ" ಎನ್ನುತ್ತಾನೆ.
ನಾಲ್ಕು ದಿನದಿಂದ ಅವನ ಹಳದಿ ಚೀಟಿ
"ನಡೆಯುತ್ತಿದೆ" ಎಂಬ ಅಂಕಣದಲ್ಲೇ ಇದೆ,
ಅಂಟೊಣಗಿ, ತುದಿ ಸುರುಟಿ.
ಚೀಟಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಮ್ಮ ಹತ್ತಿರವೂ ಒಂದು ದೊಡ್ಡ ನಕ್ಷೆಯಿತ್ತು, ಹಿಂದೆ.
ನೂರಾ ನಲವತ್ತು ಪುಟ. ಆಸನ, ಸರಕು, ಲಾರಿಯ ಉದ್ದ,
ನಾಯಿಗೆ ಬೇರೆ ದರ, ಬೆಕ್ಕಿಗೆ ಬೇರೆ.
ಜೂನ್ ಒಂದಕ್ಕೆ ಎಲ್ಲವೂ ಒಟ್ಟಿಗೇ ನೀರಿಗಿಳಿಯಬೇಕಿತ್ತು.
ಆಗ ಮೆಟ್ಟಿಲೇರಿ ಬಂದಳು ಲೈನೆ, ಕಟ್ಟೆಯಲ್ಲಿ ಹಗ್ಗ ಹಿಡಿಯುವವಳು
(ಆ ಹೆಸರಿಗೆ ನಮ್ಮ ಮಾತಿನಲ್ಲಿ ಅಲೆ ಎಂದರ್ಥ).
ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟು ಹೇಳಿದಳು:
"ಜನ ಫೋನ್ ಮಾಡಿ ನನ್ನ ಕೇಳುವುದು ಒಂದೇ.
ಇವತ್ತು ಹಡಗು ಇದೆಯಾ?"

ಎರಡು ವಾರ. ಹಾಸಿಗೆ ಅಷ್ಟೇ, ಕಾಲೂ ಅಷ್ಟೇ.
ಒಂದು ಪರದೆ, ಅದರ ಮೇಲೆ ಒಂದು ಪದ:
ಇದೆ. ಅಥವಾ, ಇಲ್ಲ.
ನಾಚಿಕೆಯಾಗಿತ್ತು ನಮಗೆ. ಐದು ಜನ ಹೆತ್ತದ್ದು ಒಂದು ಪದ!
ಬಿಡುಗಡೆಯ ಸಂಜೆಯೇ ಗಾಳಿ ಎದ್ದಿತು.
ಮುನ್ನೂರು ಮಂದಿ "ಇಲ್ಲ" ಓದಿ ಬೂಟು ಬಿಚ್ಚಿದರು.
ದ್ವೀಪದ ಸೂಲಗಿತ್ತಿಯೊಬ್ಬಳು "ಇಲ್ಲ" ಓದಿ
ಕತ್ತಲಾಗುವ ಮೊದಲೇ ಹೆಲಿಕಾಪ್ಟರಿಗೆ ಹೇಳಿಕಳಿಸಿದಳು.
ಮಾರನೆಯ ದಿನ ಮತ್ತೆ ಲೈನೆ:
"ಗುಂಡಿ ಚಿಕ್ಕದಾಯಿತು. ಈ ಚಳಿಗೆ ಕೈಗವಸು ಯಾರು ತೆಗೀತಾರೆ?"
ಮರುವಾರ ಗುಂಡಿ ಹೆಬ್ಬೆರಳಷ್ಟಾಯಿತು.
ನಕ್ಷೆ ಈಗ ಕಿಟಕಿಯ ಸಂದಿಗೆ, ಗಾಳಿ ತಡೆಯಲು.

ಎಲ್ಲವೂ ಹೀಗೆ ನೇರ ಬರಲಿಲ್ಲ.
ಡಿಸೆಂಬರಿನ ಒಂದು ರಾತ್ರಿ ನಮ್ಮ ಪದ ತಪ್ಪಿತು;
"ಇದೆ"ಯನ್ನು ನಂಬಿ ಮೀನಿನ ಲಾರಿಯವನು ಬೆಳಗಿನವರೆಗೆ ಕಾದ.
ಆ ಶುಕ್ರವಾರ ಕುರ್ಚಿ ತಿರುಗಿಸಿ ಕೂತೆವು.
ಯಾರು ಎಂದು ಯಾರೂ ಕೇಳಲಿಲ್ಲ,
ತೂತು ಎಲ್ಲಿ ಎಂದಷ್ಟೇ ಹುಡುಕಿದೆವು.
ಆದರೂ ತೈವೊನ ಕಿವಿ ಕೆಂಪಗಿತ್ತು.
ಬಹುಶಃ ಅಂದಿನಿಂದಲೇ ಅವನ "ಏನಿಲ್ಲ" ಶುರುವಾದದ್ದು.
ನಾನು ಗಮನಿಸಬೇಕಿತ್ತು. ಗೋಡೆಯ ಚೀಟಿ ಕಾಯುವವಳು ನಾನೇ ತಾನೆ.

ಇವತ್ತು ಕೌಪೊ ಬೇರೇನೂ ಹೇಳದೆ
ತನ್ನ ಕುರ್ಚಿಯನ್ನು ತೈವೊನ ಮೇಜಿಗೆ ಎಳೆದ.
"ಆ ಚೀಟಿ ನನಗೂ ಅರ್ಥವಾಗಿಲ್ಲ. ತೋರಿಸು."
ಒಂದು ಕೀಲಿಮಣೆ, ಎರಡು ತಲೆ,
ಒಬ್ಬ ಬರೆದರೆ ಇನ್ನೊಬ್ಬನ ಹುಬ್ಬು ಓದುತ್ತದೆ.
ಮಧ್ಯಾಹ್ನಕ್ಕೆ ತೈವೊನ ಬಾಯಿ ಬಿಟ್ಟಿತು:
"ಸಮುದ್ರ ಅರೆ ಹೆಪ್ಪುಗಟ್ಟಿದ ದಿನ
ಹಡಗಿಗೆ ದಾರಿಯಿಲ್ಲ, ಹಿಮದ ದಾರಿ ಇನ್ನೂ ತೆರೆದಿಲ್ಲ.
ಕಪ್ತಾನನೇ ಐದೂಮುಕ್ಕಾಲಿನವರೆಗೆ ಹೇಳಲಾರ.
ಇದೆ ಅನ್ನಲಾ? ಇಲ್ಲ ಅನ್ನಲಾ?
ನಂಗೆ... ಗೊತ್ತಿಲ್ಲ."

ಕೋಣೆಯಲ್ಲಿ ಯಾರೋ ಕಿಟಕಿ ತೆರೆದಂತಾಯಿತು.
ಮೆರ್ಯೆ ಅದನ್ನೇ, ಅವನ ಪದವನ್ನೇ,
ಹೊಸ ಚೀಟಿಯಲ್ಲಿ ಬರೆದು ಗೋಡೆಗೆ ಒತ್ತಿದಳು.
ಪರೀಕ್ಷೆ ಮೊದಲು, ಬರಹ ಆಮೇಲೆ.
ಕೆಂಪು, ಕೆಂಪು, ಮತ್ತೆ ಕೆಂಪು. ನಾಲ್ಕು ಗಂಟೆಗೆ ಹಸಿರು.

ಈಗ ಪರದೆಯ ಮೇಲೆ ಮೂರನೆಯ ಮಾತಿದೆ:
ಇನ್ನೂ ಗೊತ್ತಿಲ್ಲ. ಆರಕ್ಕೆ ಹೇಳುತ್ತೇವೆ.

ಕಟ್ಟೆಯ ಮೇಲೆ ಲೈನೆ, ಕೈಗವಸಿನ ಹೆಬ್ಬೆರಳಿಂದ ಒತ್ತಿ,
ಓದಿ, ಮೇಲೆ ನೋಡಿ, ಹೌದೆನ್ನುವಂತೆ ತಲೆ ಹಾಕುತ್ತಾಳೆ.
ಅಥವಾ ಅದು ಬರೀ ಚಳಿಯಿರಬಹುದು.
ನಾಳೆ ಒಂಬತ್ತೂಕಾಲಿಗೆ ಕೇಳಬೇಕು.