ಗಂಟಿ ಇಲ್ಲದ ಸೈಕಲ್ಲು

ದೀವಳಗಿ ಮರುದಿನ ಯಾರೋ ಬಿಚ್ಚಿಕೊಂಡು ಹೋದರು
ನನ್ನ ಸೈಕಲ್ಲಿನ ಗಂಟಿ.
ಸೀಟು ಬಿಟ್ಟರು, ಪಂಪು ಬಿಟ್ಟರು,
ಕ್ಯಾರಿಯರಿಗೆ ಸುತ್ತಿದ ಹಗ್ಗ ಸುದ್ದಾ ಬಿಟ್ಟರು.
ಕಳ್ಳನ ಮನ್ಯಾಗ ಸಣ್ಣ ಕೂಸಿತ್ತೋ ಏನೋ,
ಕೈಯಾಗ ಕೊಟ್ಟು ಕೂಡಿಸಿರಬೇಕು.

ನನಗ ಮುಂಜಾನೆ ಏಳಕ್ಕ ಮುಟ್ಟಬೇಕು
ಜೋರಾಪುರ ಪೇಟೆಯಿಂದ ಸ್ಟೇಷನ್ ರೋಡಿನ ಖಾನಾವಳಿ.
ಹಿಂದ ಬುಟ್ಟ್ಯಾಗ ನೂರಾ ಎಂಬತ್ತು ರೊಟ್ಟಿ,
ಬಿಳಿ ಅರಿವ್ಯಾಗ ಸುತ್ತಿದ್ದು, ಇನ್ನೂ ಬಿಸಿ,
ಬೆನ್ನಿಗೆ ಯಾರೋ ಉಸಿರು ಬಿಟ್ಟಂಗ.
ರೊಟ್ಟಿ ಹೊತ್ತಾಕಿ ಗಕ್ಕನ ಬ್ರೇಕ್ ಹಾಕಬಾರದು.
ಹಾಕಿದರ ರೊಟ್ಟಿ ಮುರೀತಾವು,
ಸಾಹುಕಾರ ರೊಕ್ಕ ಮುರೀತಾನ.

ಅದಕ್ಕ ಬಾಯಿ ತೆಗೆದೆ.

ಮೊದಲನೇ ದಿನ "ಸರೀರಿ, ಸರೀರಿ" ಅಂದೆ.
ಒಬ್ಬರೂ ಸರೀಲಿಲ್ಲ.
ಗೋಳಗುಮ್ಮಟದಾಗ ಒಮ್ಮೆ ಕೂಗಿದರ ಏಳು ಸಲ ಕೇಳತೈತಂತ.
ಗಾಂಧಿ ಚೌಕದಾಗ ಏಳು ಸಲ ಕೂಗಿ
ಒಮ್ಮೆ ಕೇಳಿದರ ಪುಣ್ಯಾ.

ಗಂಟಿಗೆ ಒಂದೇ ಮಾತು ಬರತಿತ್ತು.
ನಾನು ಬ್ಯಾರೆ ಬ್ಯಾರೆ ಕಲೀಬೇಕಾತು.

ಟಾಂಗಾದ ಲಾಡ್ಲೇಸಾಬಗ "ಕಾಕಾ, ಬಲಕ್ಕ ಬಂದೆ" ಅನಬೇಕು.
ಆತ ಲಗಾಮು ಎಳೀತಾನ, ಕುದುರಿ ಹಾದಿ ಬಿಡತೈತಿ,
ಆತ ಮಾತ್ರ ತಿರುಗಿ ನೋಡೂದಿಲ್ಲ.
ಕೊತ್ತಂಬರಿ ಮಾರೋ ಸಾವಂತ್ರೆವ್ವ ಡಾಂಬರಿನ ಮ್ಯಾಲೇ ಗೋಣಿ ಹಾಸಿರತಾಳ.
"ಯವ್ವಾ, ಸೆರಗು ಗಾಲ್ಯಾಗ ಬರತೈತಿ" ಅಂದರ
ಸೆರಗು ಎಳಕೋತಾಳ. ಗೋಣಿ ಎಳ್ಯಾಂಗಿಲ್ಲ.
ಸಾಲಿ ಹುಡುಗೂರಿಗೆ "ಹಿಂದ ರೊಟ್ಟಿ ಅದಾವೋ" ಅಂದರ
ನನಗಿಂತ ಮೊದಲ ಅವರೇ ಮಂದೀನ್ನ ಸರಸತಾರ,
ಆಮ್ಯಾಲೆ ಒಂದು ರೊಟ್ಟಿ ಕೇಳತಾರ.
ಟಂಟಂದವರಿಗೆ ಏನಂದರೂ ನಡ್ಯಾಂಗಿಲ್ಲ.
ಅವರ ಗಾಡ್ಯಾಗ ಹಾಡು. ಅವರಿಗೆ ನಾನೇ ಸರೀತೀನಿ,
ಗಟಾರದ ಕಲ್ಲಿನ ತನಕ.
ಎಮ್ಮಿಗೆ ಏನೂ ಅನಬಾರದು.
ಇಳಿದು ನಿಲ್ಲಬೇಕು,
ಅದರ ಕಣ್ಣಾಗ ನಾನು, ಸೈಕಲ್ಲು, ಬುಟ್ಟಿ
ಮೂರೂ ಸಾವಕಾಶ ಹಾದು ಹೋಗೂ ತನಕ.

ಸಿಂದಗಿ ರೋಡಿನ ಕಡೆಯಿಂದ ರೇಸಿನ ಹುಡುಗೂರು ಬರತಾರ,
ಬೆರಳಿನಷ್ಟು ದಪ್ಪ ಟಾಯರು, ನೆಲಕ್ಕ ಮುಟ್ಟತಾವೋ ಇಲ್ಲೋ.
ಒಬ್ಬಾಕಿ, ಹೆಲ್ಮೆಟ್ ಕೆಳಗ ಎರಡು ಜಡಿ,
ಸಿಗ್ನಲ್ಲಿಗೆ ನನ್ನ ಬಾಜೂಕ ಕಾಲೂರಿ ನಿಂತಳು.
"ನಿನಗೂ ಗಂಟಿ ಇಲ್ಲೇನವಾ?"
"ಭಾರ ಆಗತೈತ್ರೀ."
ನನ್ನ ಬುಟ್ಟಿ ನೋಡಿದಳು, ನಕ್ಕಳು. ನಾನೂ ನಕ್ಕೆ.
ಹಸಿರು ದೀಪ ಹತ್ತಿತು.
ಆಕಿ ಎರಡು ತುಳಿತಕ್ಕ ಚೌಕ ದಾಟಿದಳು.
ನಾನು ಇಪ್ಪತ್ತಕ್ಕೋ ಇಪ್ಪತ್ತೆರಡಕ್ಕೋ.

ಸಂಕ್ರಮಣದ ದಿವಸ ಗಂಟಲು ಕಟ್ಟಿತು.
ಊರೆಲ್ಲಾ ಎಳ್ಳು ಬೆಲ್ಲ ಕೊಟ್ಟು
"ಒಳ್ಳೇ ಮಾತಾಡೂಣು" ಅಂತಿತ್ತು,
ನನ್ನ ಬಾಯಾಗ ಬರೇ ಗಾಳಿ.
ಬಸ್ ಸ್ಟ್ಯಾಂಡಿನ ತಿರುವಿನಾಗ ಟಂಟಂ ಅಡ್ಡ ಬಂತು.
ಬ್ರೇಕ್ ಹಿಡಿದೆ.
ಹನ್ನೊಂದು ರೊಟ್ಟಿ.
ಅರಿವಿ ಬಿಚ್ಚಲಿಲ್ಲ, ಸಪ್ಪಳದ ಮ್ಯಾಲೇ ಎಣಿಸಿದ್ದೆ.
ಸಾಹುಕಾರ ಬಿಚ್ಚಿ ಎಣಿಸಿದ. ಹನ್ನೊಂದೇ.

ಸಂಜೀಕ ಬಂದೇನವಾಜನ ಪಂಚರ್ ಅಂಗಡಿಗೆ ಹೋದೆ.
ಬೆರಳು ತೋರಿಸಿದೆ, ಹ್ಯಾಂಡಲ್ಲಿನ ಬರಿದಾದ ಜಾಗಕ್ಕ.
ಆರವತ್ತು ರೂಪಾಯಿ. ಹೊಸ ಗಂಟಿ, ಮ್ಯಾಲೆ ನವಿಲಿನ ಚಿತ್ರ.
"ಒಮ್ಮೆ ಬಾರಿಸಿ ನೋಡಬೇ" ಅಂದ.
ಅಂಗಡ್ಯಾಗ ಭಾಳ ಛಲೋ ಕೇಳಿಸಿತು.

ಮರುದಿನ ಟಾಂಗಾದ ಹಿಂದ ಹೋಗಿ ಬಾರಿಸಿದೆ.
ದೀವಳಗಿಯಿಂದ ಈಚೆಗೆ ಮೊದಲನೇ ಸಲ
ಲಾಡ್ಲೇಸಾಬ ತಿರುಗಿ ನೋಡಿದ.
"ಓ, ನೀನ ಏನಬೇ!
ನಾ ಯಾರೋ ಬ್ಯಾರೇದವರು ಅಂದ್ಕೊಂಡೆ."
ಕುದುರಿ ನಡು ರೋಡಿನಾಗ ಹಂಗೇ ನಡೀತಿತ್ತು.
ಬೆನ್ನಿಗೆ ಬಿಸಿ ಹತ್ತಿತ್ತು.
ಗಂಟಲು ಸರಿ ಮಾಡಿಕೊಂಡೆ.