ನಲವತ್ತು ಮಿಲಿಸೆಕೆಂಡು

ವಾಸ್ಕೋ. ಖಾರಿವಾಡೆಯ ದಕ್ಕೆಯ ಮೇಲಿನ ಕೋಣೆ.
ಫ್ಯಾನಿನ ಗಾಳಿಗೂ ಮೀನಿನ ವಾಸನೆ.
ಡೆಲ್ಫಿನಾ, ಯಮನೂರ, ಇಬ್ಬರೂ
ಸಾವಿರ ಫೈಲುಗಳ ಮುಂದೆ
ಪರವೂರಿನ ಸ್ಟ್ಯಾಂಡಿನಲ್ಲಿ ನಡುರಾತ್ರಿ ಇಳಿದವರ ಹಾಗೆ ಕೂತಿದ್ದಾರೆ.

ಕೋಡು ಆಮೇಲೆ, ಅಂದೆ. ಮೊದಲು ಕಿಟಕಿಗೆ ಬನ್ನಿ.

ಕೆಳಗೆ ಟ್ರಾಲರು ಬಂದಿದೆ, ಬಲೆ ಸುರಿದಿದ್ದಾರೆ.
ಬಂಗುಡೆ, ಬೂತಾಯಿ, ಸಿಗಡಿ, ಒಂದು ಹರಿದ ಚಪ್ಪಲಿ,
ಎಲ್ಲ ಒಂದೇ ರಾಶಿ.
ಆ ಹಸಿರು ಸೀರೆಯಾಕೆಯನ್ನು ನೋಡಿ:
ಮಾತು ಪಕ್ಕದವಳ ಜೊತೆ, ಕೈ ಬುಟ್ಟಿಯಿಂದ ಬುಟ್ಟಿಗೆ.
ನಮ್ಮ ಪ್ಲೇಯರಿನ ಮೊದಲ ಕೆಲಸ ಅಷ್ಟೇ.
ಚಿತ್ರ ಒಂದಕ್ಕೆ, ದನಿ ಒಂದಕ್ಕೆ, ಅಡಿಬರಹ ಇನ್ನೊಂದಕ್ಕೆ.
ಅವಳು ಮೀನಿನ ಹೊಟ್ಟೆ ಸೀಳುವುದಿಲ್ಲ.
ಅದು ಮುಂದಿನವರ ಪಾಡು.

ಡೀಮಕ್ಸರ್, ಎಂದು ಡೆಲ್ಫಿನಾ ಬರೆದುಕೊಂಡಳು.
ಚಪ್ಪಲಿ ಯಾವ ಬುಟ್ಟಿಗೆ? ಎಂದ ಯಮನೂರ.
ಹತ್ತು ವರ್ಷದ ದೂರುಗಳಲ್ಲಿ ಅರ್ಧ
ಆ ಚಪ್ಪಲಿಯದೇ ಮಾರಾಯ.

ಬಿಡಿಸುವ ಸಾಲು ಬೇರೆ, ತೋರಿಸುವ ಸಾಲು ಬೇರೆ.
ಮೂರನೆಯ ಚಿತ್ರ ಬಿಡಿಸಲು
ಐದನೆಯದು ಮೊದಲೇ ಬಂದು ಕೂತಿರಬೇಕು,
ತನ್ನ ಸರದಿಯವರೆಗೆ ತುಟಿ ಬಿಚ್ಚದೆ.
ಮತ್ತೆ, ಗಡಿಯಾರ ಇರುವುದು ಕಿವಿಯ ವಶದಲ್ಲಿ.
ಒಂದೆರಡು ಚಿತ್ರ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ,
ಕಿವಿ ಕೂದಲೆಳೆಯ ಬಿರುಕನ್ನೂ ಬಿಡದು.
ದನಿ ತನ್ನ ಪಾಡಿಗೆ ನಡೆಯುತ್ತದೆ; ಚಿತ್ರ
ಓಡುತ್ತದೆ, ನಿಲ್ಲುತ್ತದೆ, ಬೇಕಾದರೆ ಉದುರಿಹೋಗುತ್ತದೆ.

ಅಷ್ಟರಲ್ಲಿ ಯಮನೂರನ ಬೆರಳು ಒಂದು ಸಾಲಿನ ಮೇಲೆ.
ನಲವತ್ತು ಕೂಡಿಸು. ಪಕ್ಕದಲ್ಲಿ ಟಿಪ್ಪಣಿ:
'ತೆಗೆಯಬೇಡಿ.'
ಯಾಕೆ?
ಬರೆದವರ ಹೆಸರು ನನ್ನದೇ. ಜುಲೈ, ರಾತ್ರಿ ಎರಡೂ ಮುಕ್ಕಾಲು.
ಆ ರಾತ್ರಿ ನೆನಪಿಲ್ಲ. ಕಾರಣವೂ.

ತೆಗಿ, ಅಂದೆ.
ತೆಗೆದ. ನನ್ನ ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ,
ಡೆಲ್ಫಿನಾಳದಕ್ಕೂ.
ಯಮನೂರನದು ಬೈನಾದ ಗುಜರಿಯಲ್ಲಿ ಕೊಂಡದ್ದು.
ಅದರ ಪರದೆಯಲ್ಲಿ ಮಾಂಡೊ ಹಾಡುವಾಕೆಯ ಬಾಯಿ
ಹಾಡಿಗಿಂತ ಮೊದಲೇ ಮುಚ್ಚಿತು.

ನನ್ನ ಹತ್ತಿರವೂ ಆಗ ಅಂಥದೇ ಇತ್ತು,
ಎರಡು ಕೀಲಿ ಕಿತ್ತುಹೋದದ್ದು.
ಹೊಸದು ಬಂದ ಮೇಲೆ ಅದರ ತೊದಲು ಮರೆತಿದ್ದೆ.

ಯಮನೂರ ಸಾಲನ್ನು ವಾಪಸು ಹಾಕಿದ,
ನನ್ನ ಟಿಪ್ಪಣಿ ಅಳಿಸಿ ತಾನೇ ಬರೆದ:
'ಹಳೆಯ ಸೌಂಡ್ ಕಾರ್ಡು ತಡವಾಗಿ ನುಡಿಯುತ್ತದೆ,
ಚಿತ್ರ ಅಷ್ಟು ಹೊತ್ತು ಕಾಯಬೇಕು.'
ಒಂದು ಕಾಗುಣಿತ ಬಿಟ್ಟು ನಾನೇನೂ ತಿದ್ದಲಿಲ್ಲ.

ಕಿಟಕಿಯಿಂದ ಡೆಲ್ಫಿನಾ ಕೂಗಿದಳು:
ಬುಟ್ಟಿಗಳೆಲ್ಲ ಹೋದವು,
ಚಪ್ಪಲಿ ಅಲ್ಲೇ ಇದೆ.